ಕತ್ತಿಗೆ ಹೆಸರಿದೆ, ಒರೆಗೆ?

ಮ್ಯೂಸಿಯಮ್ಮಿನಲ್ಲಿ ಕತ್ತಿ ಕಂಡಾಗೆಲ್ಲ ನನ್ನ ಕಣ್ಣು ಹೋಗೋದು ಅದರ ಒರೆ ಮೇಲೆ. ನಮ್ಮಜ್ಜ ಮಚ್ಚಿಗೆ, ಚೂರಿಗೆ ತೊಗಲಿನ ಒರೆ ಹೊಲೀತಿದ್ದರು.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಬುಕಾನನ್ ಮೈಸೂರು ಸೀಮೆ ಸುತ್ತಿ ಇಲ್ಲಿನ ಉಕ್ಕಿನ ಕೆಲಸ ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿ ಎಲೆ. ಬಾಯಿ ಮುಚ್ಚಿ ಬೆಂಕಿಗಿಡೋದು. ಕಡ್ಡಿಯ ಇಂಗಾಲ ಸೇರಿ ಕಬ್ಬಿಣ ಉಕ್ಕಾಗುತ್ತೆ. ಇಂಥ ಉಕ್ಕನ್ನೇ 'ವೂಟ್ಸ್' ಅಂತ ಕರೆದು 1819ರಲ್ಲಿ ಲಂಡನ್ನಿನಲ್ಲಿ ಫ್ಯಾರಡೆ ವಿಶ್ಲೇಷಿಸಿದ.

ಅದೇ ತಂಗಡಿಯ ತೊಗಟೆಯಲ್ಲಿ ನಮ್ಮೋರು ತೊಗಲು ಹದ ಮಾಡ್ತಿದ್ದರು. ಕುಲುಮೆಯ ತಿದಿಯೂ ತೊಗಲಿಂದೇ. ತಿದಿ ಊದದೆ ಕೆಂಡವಿಲ್ಲ, ಕೆಂಡವಿಲ್ಲದೆ ಕತ್ತಿಯಿಲ್ಲ.

ಒಂದೇ ಗಿಡ. ಮೂಸೆಗೆ ಹೋದರೆ ವಿಜ್ಞಾನ, ನಮ್ಮ ತೊಟ್ಟಿಗೆ ಬಿದ್ದರೆ ಮೈಲಿಗೆ! ಊರ ಯಜಮಾನರು ಒರೆಯನ್ನ ಸೊಂಟಕ್ಕೆ ಕಟ್ಟಬಹುದಿತ್ತು, ಅದನ್ನ ಹೊಲಿದ ಕೈ ಮಾತ್ರ ಮುಟ್ಟಬಾರದಿತ್ತು.

ನಾನು ಆಫೀಸಿನಲ್ಲಿ ಫೈಲು ಹೊಲಿಯೋ ಗುಮಾಸ್ತ. ದಬ್ಬಣ ಹಿಡಿದಾಗೆಲ್ಲ ಅಜ್ಜನ ಕೈ ನೆನಪಾಗುತ್ತೆ. ನಿಮ್ಮನೆ ಅಟ್ಟದಲ್ಲಿ ಹಳೇ ಒರೆ, ರಂಪಿಗೆ ಇದ್ದರೆ ಎಸೀಬೇಡಿ. ಫೋಟೋ ತೆಗೀರಿ, ಹೊಲಿದವರ ಹೆಸರು ಬರೆದಿಡಿ. ನಾವು ಬರೀದೆ ಇದ್ದರೆ ಇನ್ಯಾರೂ ಬರೆಯಲ್ಲ.

ಜೈ ಭೀಮ್.