ಚೀನಾದೇಶದಲ್ಲಿ ಹಿರಿಯರ ಸಂಬೋಧನೆ

ಗುರುಹಿರಿಯರನ್ನು ಹೆಸರು ಹಿಡಿದು ಕರೆಯಲಾಗದೆಂಬ ಪಾಠವನ್ನು ವಾಚಕರಲ್ಲಿ ಅನೇಕರು ಬಾಲ್ಯದಲ್ಲಿಯೇ ಕಲಿತಿದ್ದೀರಿ. ಇದೇ ಪಾಠವನ್ನು ಹಿಮಾಲಯದ ಆಚೆಯ ಚೀನೀಯರು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಶಾಸ್ತ್ರದಂತೆ ಪಾಲಿಸಿಕೊಂಡು ಬಂದರು. ಆ ಮರ್ಯಾದೆ ಹೇಗೆ ಬೆಳೆಯಿತು, ಎಂದು ಮುರಿಯಿತು, ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅರಿತರೆ, ಸಂಬೋಧನೆಯೆಂಬುದು ಬರಿಯ ಬಾಯಿಮಾತಲ್ಲವೆಂದು ತಮಗೆ ಮನವರಿಕೆಯಾದೀತು.

ಪ್ರಾಚೀನ ಚೀನಾದಲ್ಲಿ ಕುಲೀನ ಪುರುಷನಿಗೆ ಎರಡು ಹೆಸರುಗಳಿರುತ್ತಿದ್ದವು. ಶೈಶವದಲ್ಲಿ ತಂದೆ ಇಡುತ್ತಿದ್ದ ಹೆಸರು ‘ಮಿಂಗ್’. ಇಪ್ಪತ್ತನೆಯ ವಯಸ್ಸಿನಲ್ಲಿ ತಲೆಗೆ ಟೋಪಿ ತೊಡಿಸುವ ಸಂಸ್ಕಾರವಾದಾಗ ಪಡೆಯುತ್ತಿದ್ದ ಹೆಸರು ‘ತ್ಸು’. ಅಂದಿನಿಂದ ಮೊದಲ ಹೆಸರನ್ನು ನುಡಿಯುವ ಅಧಿಕಾರ ಹಿರಿಯರಿಗೂ ಅರಸನಿಗೂ ಮಾತ್ರ. ಸಮವಯಸ್ಕರು ಎರಡನೆಯದನ್ನೇ ಬಳಸಬೇಕು. ತನ್ನನ್ನು ತಾನು ಹೇಳಿಕೊಳ್ಳುವಾಗ ಮಾತ್ರ ಅವನು ವಿನಯದಿಂದ ಮೊದಲ ಹೆಸರನ್ನು ಹೇಳುತ್ತಿದ್ದನು.

ಹೆತ್ತ ತಂದೆಯ ಹೆಸರನ್ನಂತೂ ಮಗನು ಉಚ್ಚರಿಸುವಂತೆಯೇ ಇರಲಿಲ್ಲ. ತಾಂಗ್ ರಾಜವಂಶದ ಕಾಲದ ಕವಿ ಲೀ ಹೆ (790–816) ಇದರಿಂದ ಪಟ್ಟ ಪಾಡು ಪ್ರಸಿದ್ಧವಾಗಿದೆ. ಅವನ ತಂದೆಯ ಹೆಸರು ಜಿನ್‌ಸು. ರಾಜ್ಯದ ಉನ್ನತ ಪರೀಕ್ಷೆಯ ಹೆಸರು ‘ಜಿನ್‌ಷಿ’. ಎರಡರಲ್ಲಿಯೂ ‘ಜಿನ್’ ಎಂಬ ಧ್ವನಿಯಿರುವುದರಿಂದ, ಆ ಪರೀಕ್ಷೆಗೆ ಕುಳಿತರೆ ತಂದೆಯ ಹೆಸರಿಗೆ ಅಪಚಾರವಾಗುವುದೆಂದು ವಿರೋಧಿಗಳು ಆಕ್ಷೇಪಿಸಿದರು. ಮಹಾ ಲೇಖಕನಾದ ಹಾನ್ ಯು ಅವನ ಪಕ್ಷ ವಹಿಸಿ ಪ್ರಬಂಧವನ್ನೇ ಬರೆದನು, ಫಲವಾಗಲಿಲ್ಲ. ಅರಸರ ಹೆಸರಿಗೂ ಇದೇ ನಿಯಮವಿದ್ದಿತು. ಬೀಜಿಂಗಿನ ಅರಮನೆಯ ಉತ್ತರದ್ವಾರಕ್ಕೆ ಮೊದಲು ‘ಶ್ವೆನ್‌ವು’ ಎಂಬ ಹೆಸರಿತ್ತು. ಕಾಂಗ್‌ಶಿ ಚಕ್ರವರ್ತಿಯ (ಆಳ್ವಿಕೆ 1661–1722) ಸ್ವಂತ ಹೆಸರು ‘ಶ್ವೆನ್‌ಯೆ’ ಆಗಿದ್ದುದರಿಂದ ಅದು ‘ಷೆನ್‌ವು’ ದ್ವಾರವಾಯಿತು. ಮರ್ಯಾದೆಯು ಮಿತಿಮೀರಿದರೆ ಬಂಧನವಾಗುವುದೆಂಬುದಕ್ಕೆ ಇವು ಸಾಕ್ಷಿಗಳು.

ಹೆಸರನ್ನು ಬಿಟ್ಟ ಮೇಲೆ ಕರೆಯುವುದೆಂತು? ಸಂಬಂಧದಿಂದ. ಈ ವಿಷಯದಲ್ಲಿ ಚೀನೀ ಭಾಷೆಯು ನಮ್ಮ ಕನ್ನಡಕ್ಕೆ ಬಹು ಹತ್ತಿರದ್ದು. ದೊಡ್ಡಪ್ಪನು ಅಲ್ಲಿ ‘ಬೊಬೊ’, ಚಿಕ್ಕಪ್ಪನು ‘ಷುಷು’, ಸೋದರತ್ತೆಯು ‘ಗುಗು’, ಸೋದರಮಾವನು ‘ಜ್ಯೋಜ್ಯೋ’. ತಂದೆಯ ತಂದೆಗೂ ತಾಯಿಯ ತಂದೆಗೂ ಪ್ರತ್ಯೇಕ ಪದಗಳುಂಟು. ಪ್ರಾಚೀನ ಪದಕೋಶವಾದ ‘ಅರ್‌ಯಾ’ದಲ್ಲಿ ಬಂಧುವಾಚಕಗಳಿಗೆಂದೇ ಒಂದು ಅಧ್ಯಾಯವಿದೆ. ಬಂಧುವಲ್ಲದ ವೃದ್ಧರನ್ನೂ ಮಕ್ಕಳು ‘ಯೆಯೆ’ (ಅಜ್ಜ), ‘ನೈನೈ’ (ಅಜ್ಜಿ) ಎಂದೇ ಕರೆಯುತ್ತಾರೆ.

‘ಲಾವೋ’ ಎಂದರೆ ಹಿರಿದು, ಹಳೆಯದು. ಮನೆತನದ ಹೆಸರಿನ ಮುಂಚೆ ಅದನ್ನಿಟ್ಟು ‘ಲಾವೋ ವಾಂಗ್’ ಎಂದರೆ ಹಿರಿಯ ಒಡನಾಡಿಯೊಡನೆ ಆಡುವ ಸಲಿಗೆಯ ಮಾತು. ಅದನ್ನೇ ಹಿಂದಕ್ಕಿಟ್ಟು ‘ವಾಂಗ್ ಲಾವೋ’ ಎಂದರೆ ವಯೋವೃದ್ಧನೂ ಜ್ಞಾನವೃದ್ಧನೂ ಆದವನಿಗೆ ಸಲ್ಲುವ ಗೌರವ. ಉಪಾಧ್ಯಾಯರಿಗೆ ‘ಲಾವೋಷಿ’ ಎನ್ನುತ್ತಾರೆ. ಉಪಾಧ್ಯಾಯರು ವಯಸ್ಸಿನಲ್ಲಿ ಕಿರಿಯರಾದರೂ ಆ ಪದ ತಪ್ಪುವುದಿಲ್ಲ. ‘ಶ್ಯೆನ್‌ಷಂಗ್’ ಎಂಬ ಗೌರವವಾಚಕಕ್ಕೆ ‘ಮೊದಲು ಹುಟ್ಟಿದವನು’ ಎಂದೇ ಮೂಲಾರ್ಥ. ‘ನೀನು’ ಎಂಬುದಕ್ಕೆ ‘ನಿ’, ‘ತಾವು’ ಎಂಬುದಕ್ಕೆ ‘ನಿನ್’. ಬರಹದಲ್ಲಿ ‘ನಿ’ ಅಕ್ಷರದ ಅಡಿಯಲ್ಲಿ ಹೃದಯದ ಚಿಹ್ನೆಯನ್ನು ಬರೆದರೆ ‘ನಿನ್’ ಆಗುತ್ತದೆ. ಬೀಜಿಂಗ್ ಮೊದಲಾದ ಉತ್ತರಭಾಗಗಳಲ್ಲಿ ಇದರ ಬಳಕೆ ಹೆಚ್ಚು.

ಈ ಕಟ್ಟಡ 20ನೆಯ ಶತಮಾನದಲ್ಲಿ ಅಲುಗಿತು. 1949ರಲ್ಲಿ ಜನತಾ ಗಣರಾಜ್ಯ ಸ್ಥಾಪಿತವಾದ ಮೇಲೆ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ‘ತುಂಗ್‌ಚಿ’, ಅಂದರೆ ಸಂಗಾತಿ, ಎಂಬ ಒಂದೇ ಪದ ರೂಢಿಗೆ ಬಂದಿತು. ಸಮಾನತೆಯ ಆಶಯ ಅದರಲ್ಲಿದ್ದುದನ್ನು ಅಲ್ಲಗಳೆಯಲಾಗದು. ಆದರೆ 1966ರಿಂದ 1976ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯ ಆಚಾರಗಳೇ ಅಪರಾಧವೆನಿಸಿದವು. ವಿದ್ಯಾವಂತರನ್ನು ‘ದುರ್ನಾತದ ಒಂಬತ್ತನೆಯವರು’ ಎಂದು ಜರೆದ ಬೈಗುಳದಲ್ಲಿ ಸೇರಿಕೊಂಡಿದ್ದುದೂ ಅದೇ ‘ಲಾವೋ’ ಎಂಬ ಅಕ್ಷರ. 1966ರ ಆಗಸ್ಟಿನಲ್ಲಿ ಬೀಜಿಂಗಿನ ಶಾಲೆಗಳಲ್ಲಿ ತಮ್ಮ ವಿದ್ಯಾರ್ಥಿಗಳ ಹೊಡೆತಕ್ಕೇ ಉಪಾಧ್ಯಾಯರು ಪ್ರಾಣ ತೆತ್ತರು. ನಾಲಗೆಯ ಮೇಲಿನ ಮರ್ಯಾದೆ ಹೋದ ಬಳಿಕ ಕೈಯ ಮೇಲಿನ ಹಿಡಿತವೂ ಹೋಯಿತೆಂಬುದು ಆ ವರ್ಷಗಳ ದಾರುಣ ಪಾಠ.

1978ರ ಸುಧಾರಣೆಗಳ ತರುವಾಯ ಹಳೆಯ ಪದಗಳು ಮರಳಿದವು. ಆದರೆ ಬೇರೊಂದು ಕಡೆಯಿಂದ ಅವುಗಳಿಗೆ ಕುತ್ತು ಬಂದಿದೆ. 1980ರಿಂದ 2015ರವರೆಗೆ ಜಾರಿಯಲ್ಲಿದ್ದ ಏಕಸಂತಾನದ ನೀತಿಯಿಂದ ಒಡಹುಟ್ಟಿದವರಿಲ್ಲದ ಪೀಳಿಗೆ ಬೆಳೆಯಿತು. ಅಂಥ ಇಬ್ಬರು ಮದುವೆಯಾದರೆ ಅವರ ಮಗುವಿಗೆ ದೊಡ್ಡಪ್ಪನೂ ಇಲ್ಲ, ಸೋದರತ್ತೆಯೂ ಇಲ್ಲ. ‘ಷುಷು’ ಎಂದು ಕರೆಯಲು ತಂದೆಯ ಗೆಳೆಯರು ಮಾತ್ರ ಉಳಿದಿದ್ದಾರೆ. ಇತ್ತ 2020ರ ಜನಗಣತಿಯಂತೆ 60 ವರ್ಷ ಮೀರಿದವರು 26 ಕೋಟಿಗೂ ಹೆಚ್ಚು. ದೂರದಲ್ಲಿರುವ ಮಕ್ಕಳು ವೃದ್ಧರನ್ನು ಆಗಾಗ ಕಂಡು ವಿಚಾರಿಸಬೇಕೆಂದು 2013ರ ಜುಲೈ 1ರಿಂದ ಕಾನೂನೇ ವಿಧಿಸಿದೆ.

ವಾಚಕ ಮಹಾಶಯರೇ, ಕಾನೂನು ಮಗನನ್ನು ಹೊಸ್ತಿಲವರೆಗೆ ತಂದೀತು. ಒಳಗೆ ಬಂದು ಅವನು ಆಡುವ ಮಾತಿನಲ್ಲಿ ಆದರವನ್ನು ತುಂಬಲಾರದು. ಭಕ್ತಿಯಿಲ್ಲದೆ ಅನ್ನವಿಟ್ಟ ಮಾತ್ರಕ್ಕೆ ತಂದೆತಾಯಿಗಳ ಸೇವೆಯಾಗದೆಂಬುದು ಕನ್ಫ್ಯೂಷಿಯಸನ ಉಪದೇಶ. ಹೆಸರಿಗೂ ನಡತೆಗೂ ಹೊಂದಿಕೆಯಿರಬೇಕೆಂಬುದು ಅವನದೇ ಇನ್ನೊಂದು ತತ್ತ್ವ. ನಮ್ಮ ಮನೆಗಳಲ್ಲಿಯೂ ‘ದೊಡ್ಡಪ್ಪ’, ‘ಚಿಕ್ಕಪ್ಪ’ ಎಂಬ ಪದಗಳಿನ್ನೂ ಜೀವಂತವಾಗಿವೆ. ಅವನ್ನು ಮಕ್ಕಳ ಬಾಯಲ್ಲಿ ಉಳಿಸುವುದಷ್ಟೇ ಸಾಲದು; ‘ನಿನ್’ ಎಂಬ ಅಕ್ಷರದ ಅಡಿಯಲ್ಲಿರುವ ಹೃದಯವನ್ನೂ ಅವುಗಳೊಡನೆ ಉಳಿಸುವುದು ಹಿರಿಯರಾದ ನಮ್ಮೆಲ್ಲರ ಹೊಣೆ.