ಐಲಾ ದ್ವೀಪದ ವಿಸ್ಕಿ ಭಟ್ಟಿಗಳು: ಕಾರಿನಲ್ಲಿ ಹೋಗುವವರಿಗೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿರುವ ಐಲಾ, ಸುಮಾರು 3,000 ಜನ ವಾಸಿಸುವ ದ್ವೀಪ. ಇಂಗ್ಲಿಷ್ ಕಾಗುಣಿತವನ್ನು ನಂಬಿ ‘ಇಸ್ಲೇ’ ಎನ್ನುವವರುಂಟು. ಅಲ್ಲಿಯವರ ಬಾಯಲ್ಲಿ ಅದು ‘ಐಲಾ’. ಇಷ್ಟು ಚಿಕ್ಕ ನೆಲದಲ್ಲಿ ಹತ್ತರಷ್ಟು ವಿಸ್ಕಿ ಭಟ್ಟಿಗಳಿವೆ. ಗ್ಲಾಸ್ಗೋದಿಂದ ಹೊರಟರೆ ಲಾಕ್ ಲೋಮಂಡ್ ಸರೋವರದ ದಂಡೆಗುಂಟ ಸಾಗಿ, ಇನ್ವರೇರಿ ಪಟ್ಟಣ ದಾಟಿ, ಕೆನಕ್ರೇಗ್ ಬಂದರನ್ನು ಸೇರಲು ಸುಮಾರು ಮೂರು ಗಂಟೆ ಹಿಡಿಯುತ್ತದೆ. ನಡುವೆ ಬರುವ ‘ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್’ ಕಣಿವೆಯಲ್ಲಿ ಭಾರಿ ಮಳೆಯಾದಾಗ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಶಿರಾಡಿ ಘಾಟಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಬಂದರಿನಿಂದ ಮುಂದೆ ಎರಡು ಗಂಟೆಗೂ ಹೆಚ್ಚಿನ ಹಡಗು ಪ್ರಯಾಣ. ಮೇ ತಿಂಗಳ ಕೊನೆಯಲ್ಲಿ ದ್ವೀಪದ ಉತ್ಸವ ನಡೆಯುವುದರಿಂದ ಹಡಗಿನಲ್ಲಿ ಕಾರಿಗೆ ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು.

ಐಲಾದ ವಿಸ್ಕಿಗೆ ಖ್ಯಾತಿ ತಂದದ್ದು ಅದರ ಹೊಗೆವಾಸನೆ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಕಾಳಿನೊಳಗಿನ ಕಿಣ್ವಗಳು ಎಚ್ಚೆತ್ತು ಪಿಷ್ಟವನ್ನು ಸಕ್ಕರೆಯಾಗಿಸಲು ಸಜ್ಜಾಗುತ್ತವೆ. ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಮಗುವಿಗೆ ಮಾಲ್ಟ್ ಮಾಡುವಾಗ ನಡೆಯುವುದೂ ಇದೇ. ಭೇದವಿರುವುದು ಒಣಗಿಸುವ ಬಗೆಯಲ್ಲಿ. ಐಲಾದಲ್ಲಿ ಮೊಳಕೆಯ ಬಾರ್ಲಿಗೆ ಪೀಟ್ ಎಂಬ ಜೌಗುಮಣ್ಣಿನ ಹೊಗೆ ಕೊಡುತ್ತಾರೆ. ಸಾವಿರಾರು ವರ್ಷಗಳಿಂದ ನೀರಿನಡಿ ಅರೆಕೊಳೆತ ಪಾಚಿ ಮತ್ತು ಹುಲ್ಲಿನಿಂದಾದ ಈ ಮಣ್ಣನ್ನು ಇಟ್ಟಿಗೆಗಳಂತೆ ಕಡಿದು, ಬಿಸಿಲಿಗೆ ಒಣಗಿಸಿ, ಉರಿಸುತ್ತಾರೆ. ಹೊಗೆಯಲ್ಲಿರುವ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಮುಂತಾದ ರಾಸಾಯನಿಕಗಳು ಕಾಳಿಗೆ ಅಂಟಿ, ಎರಡು ಬಾರಿ ಭಟ್ಟಿ ಇಳಿಸಿದ ಮೇಲೂ ಉಳಿಯುತ್ತವೆ. ಲಫ್ರೋಯ್ಗ್ ಮತ್ತು ಬೋಮೋರ್ ಭಟ್ಟಿಗಳಲ್ಲಿ ಇಂದಿಗೂ ಬಾರ್ಲಿಯ ಒಂದು ಪಾಲನ್ನು ಕಲ್ಲಿನ ನೆಲದ ಮೇಲೆ ಹರಡಿ, ಕೈಯಿಂದ ಮಗುಚಿ ಮೊಳಕೆ ಬರಿಸುತ್ತಾರೆ. ಸಮಯ ಕಡಿಮೆಯಿದ್ದವರು ಇದನ್ನಾದರೂ ನೋಡಬೇಕು. ತಾಮ್ರದ ಪಾತ್ರೆಗಳು ಎಲ್ಲ ಕಡೆಯೂ ಒಂದೇ ತೆರನಾಗಿ ಹೊಳೆಯುತ್ತವೆ.

ಈ ವಾಸನೆಯನ್ನು ಅನೇಕರು ‘ಆಸ್ಪತ್ರೆ ವಾಸನೆ’ ಎಂದು ಹಳಿಯುತ್ತಾರೆ. ವೈದ್ಯನಾಗಿ ನಾನು ಆ ಮಾತನ್ನು ಒಪ್ಪುತ್ತೇನೆ. 1865ರಲ್ಲಿ ಗ್ಲಾಸ್ಗೋ ರಾಯಲ್ ಇನ್‌ಫರ್ಮರಿಯಲ್ಲಿ ಜೋಸೆಫ್ ಲಿಸ್ಟರ್, ಕಾಲಿನ ಮೂಳೆ ಮುರಿದು ಗಾಯ ತೆರೆದಿದ್ದ ಹನ್ನೊಂದು ವರ್ಷದ ಬಾಲಕನಿಗೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ನಂಜಾಗದಂತೆ ಉಳಿಸಿದನು. ಕಾರ್ಬಾಲಿಕ್ ಆಮ್ಲವೆಂದರೆ ಫೀನಾಲೇ. ನಮ್ಮ ಆಸ್ಪತ್ರೆಗಳ ನೆಲ ಒರೆಸುತ್ತಿದ್ದ ಫಿನಾಯಿಲೂ ಅದೇ ಕುಲದ್ದು. ಹಾಗೆಂದು ವಿಸ್ಕಿಯಲ್ಲಿ ಔಷಧ ಗುಣವಿದೆಯೆಂದು ಭಾವಿಸಬಾರದು; ಅದರಲ್ಲಿರುವ ಫೀನಾಲ್ ಅತ್ಯಲ್ಪ, ಆಲ್ಕೊಹಾಲ್ ಧಾರಾಳ.

ಪೀಪಾಯಿಗಳ ಉಗ್ರಾಣದಲ್ಲಿ ಮಾರ್ಗದರ್ಶಕರು ‘ದೇವದೂತರ ಪಾಲಿ’ನ ಕಥೆ ಹೇಳುತ್ತಾರೆ: ಮರದ ಮೂಲಕ ಆವಿಯಾಗಿ ಹೋಗುವ ಭಾಗವದು. ಸ್ಕಾಟ್ಲೆಂಡಿನ ತಂಪಿನಲ್ಲಿ ಅದು ವರ್ಷಕ್ಕೆ ಶೇಕಡಾ 2ರಷ್ಟು. ಬೆಂಗಳೂರಿನಲ್ಲಿ ಶೇಕಡಾ 10ಕ್ಕೂ ಮೀರುತ್ತದೆ. ಆದ್ದರಿಂದಲೇ ಬೆಂಗಳೂರಿನ ಅಮೃತ್ ಸಂಸ್ಥೆ ತನ್ನ ವಿಸ್ಕಿಯನ್ನು ನಾಲ್ಕೈದು ವರ್ಷಗಳಲ್ಲೇ ಪೀಪಾಯಿಯಿಂದ ತೆಗೆಯುತ್ತದೆ. 2004ರಲ್ಲಿ ಅದು ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತಹ ಸಾಹಸ. ಅದರ ‘ಫ್ಯೂಷನ್’ ವಿಸ್ಕಿಗೆ ಭಾರತದ ಬಾರ್ಲಿಯ ಜೊತೆ ಪೀಟ್ ಹೊಗೆಯುಂಡ ಸ್ಕಾಟ್ಲೆಂಡಿನ ಬಾರ್ಲಿಯೂ ಸೇರುತ್ತದೆ.

ಇನ್ನು ರಸ್ತೆಯ ವಿಷಯ. ಇಂಗ್ಲೆಂಡಿನಲ್ಲಿ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂವರೆಗೆ ಆಲ್ಕೊಹಾಲಿಗೆ ಕಾನೂನು ಅವಕಾಶವಿದ್ದರೆ, ಸ್ಕಾಟ್ಲೆಂಡ್ 2014ರ ಡಿಸೆಂಬರಿನಿಂದ ಅದನ್ನು 50ಕ್ಕೆ ಇಳಿಸಿದೆ. ಲಂಡನ್ನಿನ ಲೆಕ್ಕ ಇಲ್ಲಿ ನಡೆಯದು. ಬ್ರಿಟನ್ನಿನ ಅಳತೆಯಲ್ಲಿ ಒಂದು ‘ಯೂನಿಟ್’ ಎಂದರೆ 8 ಗ್ರಾಂ ಆಲ್ಕೊಹಾಲ್. ಶೇಕಡಾ 40ರ ವಿಸ್ಕಿಯಲ್ಲಿ 25 ಮಿಲಿಲೀಟರಿಗೆ ಒಂದು ಯೂನಿಟ್. ಉಗ್ರಾಣದ ರುಚಿನೋಟದಲ್ಲಿ ಕೊಡುವುದು ಹೆಚ್ಚಾಗಿ ನೀರು ಬೆರೆಸದ, ಶೇಕಡಾ 55–60ರ ವಿಸ್ಕಿ. ಶೇಕಡಾ 58ರ ವಿಸ್ಕಿಯನ್ನು 15 ಮಿಲಿಲೀಟರಿನಂತೆ ಐದು ಬಾರಿ ‘ಸುಮ್ಮನೆ ತುಟಿಗೆ’ ತಾಗಿಸಿದರೂ ನಾಲ್ಕು ಯೂನಿಟ್ ದಾಟುತ್ತದೆ. ಯಕೃತ್ತು ಗಂಟೆಗೆ ಸುಮಾರು ಒಂದು ಯೂನಿಟನ್ನಷ್ಟೇ ಕರಗಿಸಬಲ್ಲದು. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ ಅದರ ವೇಗ ಹೆಚ್ಚುವುದಿಲ್ಲ. ಆದ್ದರಿಂದ ತಡರಾತ್ರಿಯವರೆಗೆ ಕುಡಿದವರು ಬೆಳಗಿನ ಮೊದಲ ಹಡಗಿಗೆ ಕಾರು ಓಡಿಸುವುದು ಅಪಾಯಕರ.

ಮಧುಮೇಹವಿರುವವರಿಗೆ ಇನ್ನೊಂದು ಮಾತು, ನಮ್ಮವರಲ್ಲಿ ಅಂಥವರ ಸಂಖ್ಯೆ ಕಡಿಮೆಯೇನಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ರುಚಿ ನೋಡಬಾರದು. ಆಲ್ಕೊಹಾಲನ್ನು ಕರಗಿಸುವುದರಲ್ಲಿ ತೊಡಗಿದ ಯಕೃತ್ತು ರಕ್ತಕ್ಕೆ ಹೊಸ ಸಕ್ಕರೆ ತಯಾರಿಸಿ ಕೊಡುವುದನ್ನು ತಗ್ಗಿಸುತ್ತದೆ; ಸಕ್ಕರೆ ಕುಸಿಯುವುದು ಹಲವು ಗಂಟೆಗಳ ಬಳಿಕ, ಮರುದಿನ ಬೆಳಿಗ್ಗೆಯೂ ಆಗಬಹುದು. ಆಗ ಬರುವ ಬೆವರು, ನಡುಕ, ತೊದಲು ಮಾತು ಅಮಲಿನಂತೆಯೇ ಕಾಣುವುದರಿಂದ ಜೊತೆಯವರು ‘ಮಲಗಲಿ ಬಿಡಿ’ ಎಂದು ಸುಮ್ಮನಾಗುತ್ತಾರೆ. ಹಾಗೆ ಬಿಡದೆ ಸಕ್ಕರೆಯ ಮಟ್ಟ ಪರೀಕ್ಷಿಸಬೇಕು. ಎಚ್ಚರವಿದ್ದು ನುಂಗಬಲ್ಲವರಿಗೆ ಸಿಹಿ ಪಾನೀಯ ಕೊಡಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 999ಕ್ಕೆ ಕರೆ ಮಾಡಬೇಕು.

ಅನೇಕ ಭಟ್ಟಿಗಳಲ್ಲಿ ‘ನಾನು ಚಾಲಕ’ ಎಂದರೆ ಪಾಲಿನ ವಿಸ್ಕಿಯನ್ನು ಪುಟ್ಟ ಸೀಸೆಗಳಲ್ಲಿ ತುಂಬಿ ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ. ಪೋರ್ಟ್ ಎಲೆನ್ ಊರಿನಿಂದ ಲಫ್ರೋಯ್ಗ್, ಲಾಗವೂಲಿನ್, ಆರ್ಡ್‌ಬೆಗ್ ಭಟ್ಟಿಗಳನ್ನು ಸಾಲಾಗಿ ಮುಟ್ಟುವ, ಸುಮಾರು ಮೂರು ಮೈಲಿ ಉದ್ದದ ಕಾಲುದಾರಿ ರಸ್ತೆಯ ಬದಿಯಲ್ಲೇ ಇದೆ. ಕಾರನ್ನು ವಸತಿಗೃಹದ ಮುಂದೆ ನಿಲ್ಲಿಸಿ, ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೊರಟರೆ ಮೂರನ್ನೂ ಒಂದೇ ದಿನ ನೋಡಬಹುದು. ಮಳೆಯಂಗಿ ಮಾತ್ರ ಕೈಯಲ್ಲಿರಲಿ. ಜುಲೈ ತಿಂಗಳಾದರೂ ಸರಿ.