ಖಾನಾವಳಿಯ ಬೋರ್ಡು, ಖಾನಾವಳಿಯ ತಾಟು

ನಾನು ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಅಂಗಡಿಗಳ ಬೋರ್ಡುಗಳಿಂದ. ಉರ್ದು ಶಾಲೆಯ ಹುಡುಗ. ಮೆಣಸಿನಕಾಯಿ ಸುಗ್ಗಿಯಲ್ಲಿ ಅಬ್ಬಾ ನನ್ನನ್ನು ಬ್ಯಾಡಗಿ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ ‘ಅದನ್ನ ಓದು, ಇದನ್ನ ಓದು’ ಎಂಬ ಪರೀಕ್ಷೆ. ಒಮ್ಮೆ ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡು ಎದುರಾಯಿತು. ಮೊದಲ ಶಬ್ದ ಕಷ್ಟವಾಯಿತು, ಎರಡನೆಯದರಲ್ಲಿ ‘ಖಾನಾ’ ಸಿಕ್ಕಿದ್ದೇ ತಡ, ಇದು ನಮ್ಮವರ ಹೋಟೆಲೇ ಇರಬೇಕೆಂದು ಹಿಗ್ಗಿದೆ. ಅಬ್ಬಾ ನಕ್ಕು, ‘ಖಾನಾ ಹಮಾರಾಚ್ ಹೈ ಬೇಟಾ, ಆವಳಿ ಉನ್ಕಿ’ ಎಂದರು. ಆಮೇಲೆ ನಾವಿಬ್ಬರೂ ಚಕ್ಕಡಿಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಅಮ್ಮಿ ಕಟ್ಟಿಕೊಟ್ಟದ್ದೂ ಜೋಳದ ರೊಟ್ಟಿಯೇ, ಬದನೆಕಾಯಿ ಪಲ್ಲೆಯೇ. ಒಳಗೆ ಉಣ್ಣುತ್ತಿದ್ದವರ ತಾಟಿನಲ್ಲೂ ಅದೇ ಇತ್ತು.

ಅಬ್ಬಾ ಯಾಕೆ ಒಳಗೆ ಹೋಗುತ್ತಿರಲಿಲ್ಲ ಎಂಬುದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಅವರು ಚಿಕ್ಕವರಿದ್ದಾಗ ಯಾವುದೋ ಊರಿನ ಯಾವುದೋ ಖಾನಾವಳಿಯಲ್ಲಿ ಹೆಸರು ಕೇಳಿ, ಉಂಡ ತಾಟನ್ನು ತಾವೇ ತೊಳೆದಿಡಲು ಹೇಳಿದ್ದರಂತೆ. ತೊಳೆದಿಟ್ಟು ಬಂದವರು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಇದನ್ನವರು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂದಿತ್ತು, ತೊಯ್ದೆ ಎಂಬಂತೆ ಹೇಳಿದರು.

ಖಾನಾವಳಿ ಎಂಬ ಶಬ್ದ ನಮಗೆ ಮರಾಠಿಯ ‘ಖಾಣಾವಳ’ದಿಂದ ಬಂದದ್ದು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಇಂದಿನ ಹಾವೇರಿ ಜಿಲ್ಲೆ ಅದರಿಂದ ಬೇರೆಯಾದದ್ದು 1997ರಲ್ಲಿ. ಕಚೇರಿಯ ಭಾಷೆ, ಪೇಟೆಯ ಭಾಷೆ, ಹಸಿದವನ ಭಾಷೆ ಎಲ್ಲದರಲ್ಲೂ ಮರಾಠಿ ಬೆರೆತಿತ್ತು. ಮುಂಬಯಿಯ ಗಿರಣಿ ಓಣಿಗಳಲ್ಲಿ ಊರು ಬಿಟ್ಟು ಬಂದ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ಹೆಣ್ಣುಮಕ್ಕಳು. ಅವರನ್ನು ಸಂಘಟಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ನಮ್ಮ ಕಡೆಯೂ ಅಷ್ಟೇ. ಗಲ್ಲೆಯ ಮೇಲೆ ಗಂಡಸು ಕುಳಿತಿದ್ದರೂ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಕೈಗಳು ಹೆಣ್ಣುಮಕ್ಕಳವೇ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಹಳಿಯ ಮೇಲಿನ ಊರುಗಳು. ಹತ್ತಿ, ಮೆಣಸಿನಕಾಯಿ, ಏಲಕ್ಕಿ ಹಿಡಿದು ವ್ಯಾಪಾರಿಗಳು ಬಂದರು, ಹಮಾಲರು ಬಂದರು, ಮುಂದೆ ಓದಲು ಹುಡುಗರೂ ಬಂದರು. ಮನೆಯಿಂದ ದೂರ ಬಂದ ಗಂಡಸಿಗೆ ಊಟ ಎಲ್ಲಿ? ಅದಕ್ಕೆ ಪೇಟೆ ಕೊಟ್ಟ ಉತ್ತರವೇ ಖಾನಾವಳಿ. ಆದರೆ ಉತ್ತರದ ಜೊತೆ ಜಾತಿಯೂ ಬಂತು. ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಫಲಾಹಾರ ಮಂದಿರ, ಮಟನ್ ಬೇಕಾದವರಿಗೆ ಸಾವಜಿ, ಸ್ಟೇಷನ್ ಹಿಂದೆ ಎಲ್ಲೋ ಒಂದು ಮುಸ್ಲಿಂ ಹೋಟೆಲು. ಬ್ರಿಟಿಷರ ಕಾಲದಲ್ಲಿ ದೇಶದ ರೈಲ್ವೆ ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಬೇರೆ ಬೇರೆ ಇರುತ್ತಿದ್ದವು. ಒಂದೇ ಡಬ್ಬಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಬಂದವರು ಕೆಳಗಿಳಿದ ಮೇಲೆ ಬೇರೆ ಬೇರೆ ಕೊಡದ ನೀರು ಕುಡಿದರು.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಮನೆಗಳಿಗೆ ಧರ್ಮ, ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಂತೂ ಪಾತ್ರೆಯ ಮಾತನ್ನೂ ಎತ್ತಿತು. ಹೋಟೆಲಿನಲ್ಲಿ ಇಟ್ಟಿರುವ ಪಾತ್ರೆ ಪರಡಿಗಳನ್ನು ಬಳಸಲು ಬಿಡದಿರುವುದೂ ಅಪರಾಧ. ದೇಶದ ಕಾನೂನು ಪುಸ್ತಕದಲ್ಲಿ ತಾಟು, ಲೋಟಗಳಿಗೆ ಜಾಗ ಕೊಡಬೇಕಾಯಿತೆಂದರೆ, ದಲಿತರು ಆ ತಾಟು ಲೋಟಗಳ ಮುಂದೆ ಏನೆಲ್ಲ ಉಂಡಿರಬೇಕು ಊಹಿಸಿ. ಅಬ್ಬಾನದು ಅದರ ಮುಂದೆ ಸಣ್ಣ ಸಂಗತಿ.

ಈಗ ತಾಟಿಗೆ ಬರೋಣ. ಖಾನಾವಳಿಯಲ್ಲಿ ಕುಳಿತ ಕೂಡಲೇ ಸುತ್ತ ಸಣ್ಣ ಸಣ್ಣ ಗುಡ್ಡೆಗಳು ಬೀಳುತ್ತವೆ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಮೊಸರು. ಒಂದು ಮೂಲೆಗೆ ಕೆಂಪಗೆ ರಂಜಕ. ಉರ್ದು, ಮರಾಠಿಗಳಲ್ಲಿ ರಂಜಕ ಎಂದರೆ ಬಂದೂಕಿನ ಕಿವಿಗೆ ತುಂಬುವ ಮದ್ದು! ಚಟ್ನಿಗೆ ಆ ಹೆಸರಿಟ್ಟವರ ನಾಲಗೆಗೆ ಏನಾಗಿತ್ತೋ. ಗ್ರೀಸ್, ತುರ್ಕಿ, ಸೈಪ್ರಸ್ ದ್ವೀಪದ ಹಳೆಯ ಊಟದ ಮನೆಗಳಲ್ಲೂ ಹೀಗೆಯೇ ಮೊದಲು ಸಣ್ಣ ಸಣ್ಣ ಬಟ್ಟಲುಗಳು ಮೇಜು ತುಂಬುತ್ತವಂತೆ. ಅದಕ್ಕೆ ‘ಮೆಜೆ’ ಎನ್ನುತ್ತಾರೆ. ಆ ದ್ವೀಪಗಳನ್ನು ನಾನು ಕಂಡವನಲ್ಲ. ಆದರೆ ಶಬ್ದದ ಗುರುತು ಹತ್ತಿತು. ಫಾರ್ಸಿಯ ‘ಮಜಾ’ ಎಂದರೆ ರುಚಿ. ಪಡುವಣಕ್ಕೆ ಹೋಗಿ ತುರ್ಕರ ಬಾಯಲ್ಲಿ ಮೆಜೆಯಾಯಿತು, ನಮ್ಮ ಕಡೆ ಬಂದು ಜಾತ್ರೆಯ ಮಜಾ ಆಯಿತು.

ಬದನೆಕಾಯಿಯದೂ ಇಂಥದೇ ಪ್ರಯಾಣ, ಆದರೆ ಇಲ್ಲಿಂದ ಅಲ್ಲಿಗೆ. ಇಂಡಿಯಾದ ಬದನೆ ಫಾರ್ಸಿಯಲ್ಲಿ ಬಾದಿಂಗಾನ್, ಅರಬ್ಬಿಯಲ್ಲಿ ಬಾದಿಂಜಾನ್ ಆಗಿ ಅರಬರ ಜೊತೆ ಮೆಡಿಟರೇನಿಯನ್ ಸಮುದ್ರದ ದಂಡೆಗೆ ಹೋಯಿತು. 827ರಲ್ಲಿ ಸಿಸಿಲಿ ದ್ವೀಪಕ್ಕೆ ಕಾಲಿಟ್ಟ ಅರಬರ ಆಳ್ವಿಕೆ 1091ರ ಹೊತ್ತಿಗೆ ಮುಗಿಯಿತು. ಬದನೆ ಮಾತ್ರ ಅಲ್ಲೇ ಉಳಿಯಿತು. ಇಂದಿಗೂ ಸಿಸಿಲಿಯವರ ಹೆಮ್ಮೆಯ ಪಲ್ಲೆ ಕಾಪೊನಾತಾ: ಎಣ್ಣೆಯಲ್ಲಿ ಬದನೆ ಹುರಿದು ಶಿರ್ಕಾ, ಸಕ್ಕರೆ ಹಾಕಿ ಹುಳಿಸಿಹಿ ಮಾಡುತ್ತಾರೆ. ನಮ್ಮ ಎಣಗಾಯಿಗೆ ಹುಣಸೆಹಣ್ಣು, ಬೆಲ್ಲ.

ಹೋದ ಬದನೆಗೆ ಪ್ರತಿಯಾಗಿ ಬಂದದ್ದು ಮೆಣಸಿನಕಾಯಿ. ಅಮೆರಿಕದ ಬೆಳೆ. 1493ರಲ್ಲಿ ಕೊಲಂಬಸ್ ಸ್ಪೇನಿಗೆ ತಂದ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರಿಂದ ನಮ್ಮ ಕಡೆಗೆ ಬಂತು. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೆ ಹಳೆಯ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಎಂದೆವು. ಬ್ಯಾಡಗಿ ಕಾಯಿ ಕಡು ಕೆಂಪು, ಸುಕ್ಕುಸುಕ್ಕು, ಖಾರ ಕಡಿಮೆ. ಅದರ ಬಣ್ಣ ತೆಗೆದು ತಿನಿಸಿಗೂ ಬಳಸುತ್ತಾರೆ, ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಪರದೇಶದಿಂದ ಬಂದದ್ದಕ್ಕೆ ಬ್ಯಾಡಗಿಯ ಹೆಸರೇ ಕಾಯಂ ಆಯಿತು. ರೇಟು ಮಾತ್ರ ಕಾಯಂ ಇಲ್ಲ. 2024ರ ಮಾರ್ಚಿನಲ್ಲಿ ದರ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ಬೆಂಕಿ ಎದ್ದಿತು, ವಾಹನಗಳು ಸುಟ್ಟವು.

ಅಂದಮೇಲೆ ತಾಟಿನಲ್ಲಿ ಜೋಳ, ಆಫ್ರಿಕಾ ಮೂಲದ್ದು. ಶೇಂಗಾ, ಮೆಣಸಿನಕಾಯಿ ಅಮೆರಿಕದವು. ನಮ್ಮದೇ ಅನ್ನಲು ಉಳಿದದ್ದು ಬದನೆ, ಅದು ಊರೂರು ತಿರುಗಿದ್ದು. ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ಜಗಳ ಹಚ್ಚಿ ಕಾಳಿನೊಳಗಿನ ಮೇಲುಕೀಳನ್ನು ಬಯಲಿಗೆಳೆದವರು. ಅವರ ಕಣ್ಣಿಗೆ ಈ ಬೋರ್ಡುಗಳು ಬಿದ್ದಿದ್ದರೆ!

ಬೋರ್ಡಿನ ಬಗ್ಗೆ ನನ್ನ ಅಭಿಪ್ರಾಯ ಮೊದಲಿನಂತಿಲ್ಲ. ‘ಲಿಂಗಾಯತ ಖಾನಾವಳಿ’ ಎಂದರೆ ಇಂದು ಉಣ್ಣುವವನಿಗೆ ತಿಳಿಯುವುದು ಇಲ್ಲಿ ಮಾಂಸವಿಲ್ಲ, ರೊಟ್ಟಿಯುಂಟು ಎಂಬುದು. ‘ಹಲಾಲ್’ ಎಂದರೆ ನನ್ನಂಥವನಿಗೆ ಒಂದು ನಿಶ್ಚಿಂತೆ. ಅಡುಗೆ ಎಂಥದು ಎಂದು ಹೇಳುವ ಬೋರ್ಡು ಬೇಕು. ಬಂದವನು ಯಾರು, ಬಡಿಸುವವನು ಯಾರು ಎಂದು ಕೇಳುವ ಬೋರ್ಡು ಬೇರೆ. 2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಬಹಿಷ್ಕಾರದ ಕೂಗೆದ್ದಾಗ ಈ ಎರಡನ್ನೂ ಬೇಕಂತಲೇ ಕಲಸಿದರು. 2024ರಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ಅಂಗಡಿಕಾರರು ತಮ್ಮ ಹೆಸರು ಬರೆದು ಹಾಕಬೇಕೆಂಬ ಆದೇಶ ಬಂತು. ಜುಲೈ 22ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು: ಯಾವ ಊಟ ಎಂದು ಬರೆಯಲು ಹೇಳಬಹುದು, ಹೆಸರು ಬರೆಯಲು ಒತ್ತಾಯಿಸುವಂತಿಲ್ಲ.

ಸೈಪ್ರಸ್ ದ್ವೀಪ 1974ರಲ್ಲಿ ಗ್ರೀಕರು, ತುರ್ಕರು ಎಂದು ಎರಡು ಹೋಳಾಯಿತು. ಅಲ್ಲಿಯವರೆಗೆ ‘ತುರ್ಕಿ ಕಾಫಿ’ ಎನಿಸಿಕೊಂಡಿದ್ದದ್ದು ಗ್ರೀಕರ ಪಾಲಿನಲ್ಲಿ ಹೆಸರು ಬದಲಿಸಿತು. ಪುಡಿ, ನೀರು, ಒಲೆ ಅವೇ. ಅವರ ಗಿಣ್ಣಿನಂಥ ಚೀಸನ್ನು ಒಬ್ಬರು ಹಲ್ಲೂಮಿ ಎಂದರೆ ಇನ್ನೊಬ್ಬರು ಹೆಲ್ಲಿಮ್ ಎನ್ನುತ್ತಾರೆ. 2021ರಲ್ಲಿ ಯುರೋಪಿಯನ್ ಒಕ್ಕೂಟ ಎರಡೂ ಹೆಸರುಗಳನ್ನು ಒಟ್ಟಿಗೆ ದಾಖಲೆಗೆ ಬರೆದುಕೊಂಡಿತು.

ಮೊನ್ನೆ ಬ್ಯಾಡಗಿಗೆ ಹೋಗಿದ್ದೆ. ಮಾರುಕಟ್ಟೆಯ ಘಾಟಿಗೆ ಸೀನುತ್ತಲೇ ಒಂದು ಖಾನಾವಳಿ ಹೊಕ್ಕೆ. ಬೋರ್ಡಿನ ಮೊದಲ ಶಬ್ದ ಅದೇ. ಬಡಿಸುತ್ತಿದ್ದ ಅವ್ವ ನನ್ನ ಗಡ್ಡ, ಟೋಪಿ ನೋಡಿ, ‘ಸಾಹೇಬ್ರ, ರೊಟ್ಟಿ ಬಿಸೀದು ಹಾಕ್ಲೋ, ಕಟಕದ್ದು ಹಾಕ್ಲೋ?’ ಎಂದರು. ಬಿಸಿಯದು ಎಂದೆ. ಉಂಡಾದ ಮೇಲೆ ಕೈ ತಾನಾಗಿಯೇ ತಾಟು ಎತ್ತಿಕೊಂಡಿತು. ಅವ್ವ ಒಳಗಿನಿಂದಲೇ ಗದರಿಸಿದರು: ‘ಅದನ್ನ್ಯಾಕ ಎತ್ತಾಕ್ಹತ್ತೀರಿ, ಇಡ್ರಿ ಅಲ್ಲೆ.’

ಇಟ್ಟೆ. ಹೊರಗೆ ಬಂದು ಇನ್ನೊಮ್ಮೆ ಸೀನಿದೆ.